ಬಟ್ಟೆ ಕುಗ್ಗಿಲ್ಲ

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಹಗ್ಗದ ಮೇಲಿಂದ ದೊಡ್ಡಮ್ಮನ ಕಡುನೀಲಿ ಸ್ಕರ್ಟನ್ನು ತೆಗೆಯುವಾಗ ಸೊಂಟದ ಪಕ್ಕದಲ್ಲಿ ಎರಡು ಗೆರೆಗಳು ಕಂಡವು. ಹತ್ತಿರದಿಂದ ನೋಡಿದರೆ ಸೂಜಿ ಹೋಗಿಬಂದ ತೂತುಗಳ ಸಾಲು. ಗೆರೆಗಳ ನಡುವಿನ ಬಟ್ಟೆ ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಗಾಢವಾಗಿತ್ತು. ಇಷ್ಟು ವರ್ಷ ಹೊಲಿಗೆಯ ಒಳಗಿದ್ದು ಬಿಸಿಲು ಕಾಣದ ಬಟ್ಟೆ ಅದು. ಅಂದರೆ ದೊಡ್ಡಮ್ಮ ಈ ಸ್ಕರ್ಟನ್ನು ಎರಡು ಸಲ ಬಿಚ್ಚಿ ಅಗಲ ಮಾಡಿಕೊಂಡಿದ್ದಾಳೆ.

ನಮ್ಮದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಹೊಲಿದದ್ದನ್ನು ಬಿಚ್ಚಿ ಸರಿಮಾಡುವ ಅಂಗಡಿ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಜಿಪ್ಪು ಬದಲಿಸುವುದು. ಓದು ಮುಗಿಸಿದ ಮೇಲೆ ನಾನೂ ಇಲ್ಲಿಗೇ ಬರುತ್ತಿದ್ದೇನೆ, ಬೇರೆ ಕೆಲಸ ಸಿಗುವವರೆಗೆ. ನನ್ನ ಜಾಗ ಟ್ರಯಲ್ ರೂಮಿನ ಪರದೆಯ ಹೊರಗೆ. ಪರದೆಯ ಸಂದಿಯಿಂದ ಬಟ್ಟೆ ಕೊಡುತ್ತೇನೆ, ತೆಗೆದುಕೊಳ್ಳುತ್ತೇನೆ. ಮಾತಿನ ಅಗತ್ಯ ಬೀಳುವುದಿಲ್ಲ. ಅದಕ್ಕೇ ಈ ಜಾಗ ನನಗೆ ಇಷ್ಟ.

ದೊಡ್ಡಮ್ಮ ಮೊದಲ ದಿನವೇ ಕಲಿಸಿದ್ದು ಒಂದೇ ಒಂದು ನಿಯಮ. ಬಂದವರ ಮೈ ಬಗ್ಗೆ ಮಾತಾಡಬಾರದು. ಏನೇ ಆದರೂ ತಪ್ಪು ಬಟ್ಟೆಯದು. ಇವತ್ತು ನಮ್ಮಲ್ಲಿಗೆ ಯಾವಾಗಲೂ ಬರುವ ಸ್ಕೂಲ್ ಟೀಚರ್ ಒಬ್ಬರು ತಮ್ಮ ಪ್ಯಾಂಟು ತಂದು ಸೊಂಟ ಹಿಡಿಯುತ್ತಿದೆ ಎಂದು ಸಣ್ಣ ದನಿಯಲ್ಲಿ ಹೇಳಿದಾಗ ದೊಡ್ಡಮ್ಮ ತಲೆ ಎತ್ತದೆಯೇ ಹೇಳಿದಳು: "ಈಗಿನ ಬಟ್ಟೆನೇ ಹಾಗೆ ಟೀಚರ್. ಎರಡು ನೀರು ಕಂಡ್ರೆ ಕುಗ್ಗಿಹೋಗುತ್ತೆ." ಟೀಚರ ಮುಖ ತಕ್ಷಣ ಸಡಿಲವಾಯಿತು. ಪ್ಯಾಂಟಿಗಿಂತ ಮೊದಲು ಮುಖವನ್ನೇ ಸಡಿಲಿಸುವ ಕೆಲಸ ನಮ್ಮದು.

ಮಧ್ಯಾಹ್ನ ಸ್ಕರ್ಟಿನ ಬಗ್ಗೆ ಕೇಳಿದೆ. "ಕುಗ್ಗಿತ್ತು ಕಣೇ" ಎಂದಳು, ಟೀಚರಿಗೆ ಹೇಳಿದ ಅದೇ ದನಿಯಲ್ಲಿ. ನಾನು ತಲೆಯಾಡಿಸಿದೆ.

ಮಾರ್ಚ್ ೯, ಶನಿವಾರ

ಅಮ್ಮ ಬೇಕರಿಯಿಂದ ಬರುವಾಗ ಉಳಿದ ಬನ್ನು ತರುತ್ತಾಳೆ. ಅವಳು ಅಲ್ಲಿ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅಕ್ಕತಂಗಿಯರಿಬ್ಬರೂ ಎದುರುಬದುರು ಕೂತು ತಲಾ ಎರಡು ಬನ್ನು ಮುಗಿಸುವುದು ನಮ್ಮ ಮನೆಯ ಸಂಜೆ. ಇವತ್ತು ದೊಡ್ಡಮ್ಮ ಅರ್ಧ ಬನ್ನು ತಿಂದು ತಟ್ಟೆ ಸರಿಸಿದಳು. ಹೊಟ್ಟೆ ತುಂಬಿತಂತೆ. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ.

ಅಮ್ಮ ಕಿಚಾಯಿಸಿದಳು, ಯಾರಿಗೆ ತೋರಿಸೋಕೆ ಈ ವಯಸ್ಸಲ್ಲಿ ತೆಳ್ಳಗಾಗ್ತಿದ್ದೀಯ ಅಂತ. ದೊಡ್ಡಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ತೆಳ್ಳಗೆಲ್ಲಿ ಮಾರಾಯ್ತಿ, ಇಲ್ಲಿ ನೋಡು ಡೋಲು, ಬರೀ ಗ್ಯಾಸು ಎಂದಳು. ಇಬ್ಬರೂ ನಕ್ಕರು.

ಅಂಗಡಿಯಲ್ಲೂ ನಗುವೇ. ಮೊದಲೆಲ್ಲ ಬೆಳಿಗ್ಗೆ ಮಿಷನ್ನಿನ ಮುಂದೆ ಕೂತರೆ ದೊಡ್ಡಮ್ಮ ಊಟಕ್ಕೇ ಏಳುತ್ತಿದ್ದುದು. ಈಗ ಒಂದು ಪ್ಯಾಂಟಿನ ಕಾಲು ಮುಗಿಯುವುದರೊಳಗೆ ಎದ್ದು ಹಿಂದಿನ ಟಾಯ್ಲೆಟ್ಟಿಗೆ ಹೋಗುತ್ತಾಳೆ. ಇಸ್ತ್ರಿ ಅಕ್ಕ ಬಿಡುತ್ತಾಳೆಯೇ? "ಮಿಷನ್ನೂ ಅಲ್ಲೇ ಹಾಕಿಸಿಕೊಡ್ತೀನಿ ಬಿಡಿ, ಓಡಾಟ ತಪ್ಪುತ್ತೆ" ಎಂದಳು. ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ದಿನವಿಡೀ ನಿಲ್ಲುವವಳು ಅವಳು, ನಾಲಿಗೆಯೂ ಅಷ್ಟೇ ಬಿಸಿ. ನನ್ನನ್ನು ಕರೆಯುವುದು ಮೌನಗೌರಿ ಎಂದು. ಅಷ್ಟು ದಪ್ಪ ಪುಸ್ತಕ ಓದಿದವಳ ಬಾಯಲ್ಲಿ ನಾಲ್ಕು ಮಾತು ಇರಬಾರದಾ ಅಂತ ಅವಳ ತಕರಾರು.

ಮಾರ್ಚ್ ೧೩, ಬುಧವಾರ

ಊಟದ ನಂತರ ದೊಡ್ಡಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು, ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ. ಹಗಲಲ್ಲಿ ಅವಳು ಮಲಗಿದ್ದನ್ನು ನಾನು ನೋಡಿಯೇ ಇಲ್ಲ.

ಎದ್ದಮೇಲೆ ತನ್ನದೊಂದು ಅಂಗಿ ಕೊಟ್ಟು, ಭುಜದಲ್ಲಿ ಜಾರುತ್ತಿದೆ, ಸ್ವಲ್ಪ ಹಿಡಿದುಕೊಡು ಎಂದಳು. ಹಿಡಿದುಕೊಟ್ಟೆ. ತೋಳು ಕೂಡ ಸಡಿಲವಿತ್ತು, ಅದನ್ನೂ ಹಿಡಿದೆ. ಮಡಚಿಡಲು ಹೋದರೆ ಮೇಜಿನ ಮೇಲೆ ಅದೇ ನೀಲಿ ಸ್ಕರ್ಟು, ಸೊಂಟದ ಹೊಲಿಗೆ ಮತ್ತೆ ಬಿಚ್ಚಿಕೊಂಡು ಬಿದ್ದಿತ್ತು. ಇದು ಮೂರನೇ ಸಲ.

ಒಂದೇ ಮೈಯ ಎರಡು ಬಟ್ಟೆ. ಒಂದನ್ನು ಸಣ್ಣ ಮಾಡಬೇಕು, ಇನ್ನೊಂದನ್ನು ದೊಡ್ಡದು ಮಾಡಬೇಕು.

ಈ ಪರದೆಯ ಪಕ್ಕ ನಿಂತು ನಾನು ಎಷ್ಟೋ ಜನ ದಪ್ಪಗಾಗುವುದನ್ನು ಕಂಡಿದ್ದೇನೆ. ದಪ್ಪಗಾದವರ ತೋಳು ತುಂಬುತ್ತದೆ, ತೊಡೆ ತುಂಬುತ್ತದೆ, ಅಂಗಿಯ ಎದೆಯ ಗುಂಡಿ ಬಿರಿಯುತ್ತದೆ. ಹೊಟ್ಟೆಯೊಂದು ಬೆಳೆದು ಉಳಿದದ್ದೆಲ್ಲ ಸೊರಗುವುದು ದಪ್ಪಗಾಗುವುದಲ್ಲ.

"ದೊಡ್ಡಮ್ಮಾ" ಎಂದೆ.

"ಏನೇ?"

"ನೀಲಿ ದಾರ ಮುಗಿದಿದೆ" ಎಂದೆ.

ಮುಗಿದಿರಲಿಲ್ಲ.

ಮಾರ್ಚ್ ೧೪, ಗುರುವಾರ

ಅಮ್ಮನಿಗೆ ಹೇಳಿದೆ. ಅಮ್ಮ ಪಾತ್ರೆ ಒರೆಸುತ್ತಾ ಕೇಳಿಸಿಕೊಂಡಳು. ಮುಟ್ಟು ನಿಂತ ಮೇಲೆ ಹೆಂಗಸರ ಮೈ ಹೀಗೇ ಅಂತೆ, ಹೊಟ್ಟೆ ಬರುತ್ತದಂತೆ. ಕೂತು ಮಾಡುವ ಕೆಲಸ ಬೇರೆ. ಹೋದ ತಿಂಗಳು ಬೀದಿಯ ಕೊನೆಯ ಡಾಕ್ಟರು ಗ್ಯಾಸಿಗೆ ಔಷಧ ಕೊಟ್ಟಿದ್ದಾರೆ, ಒಂದು ಬಾಟಲಿ ಮುಗಿದು ಎರಡನೆಯದು ನಡೆಯುತ್ತಿದೆ. ಅದೂ ಅಲ್ಲದೆ ಹೋದ ವರ್ಷ ಇಬ್ಬರೂ ಒಟ್ಟಿಗೆ ಹೋಗಿ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾರೆ. "ಹೆಂಗಸರ ಪರೀಕ್ಷೆ ಎಲ್ಲಾ ಆಗಿದೆಯಲ್ಲೇ. ಇಬ್ಬರಿಗೂ ಏನೂ ಇಲ್ಲ ಅಂತಾನೇ ಬಂತು. ಸುಮ್ಮನೆ ಇಲ್ಲದ್ದು ತಲೆಗೆ ಹಚ್ಚಿಕೋಬೇಡ."

ಸಮಾಧಾನವಾಯಿತು ಎಂದು ಬರೆಯಬೇಕು. ಕೈ ಏಳುತ್ತಿಲ್ಲ.

ಮಾರ್ಚ್ ೧೮, ಸೋಮವಾರ

ಕತ್ತರಿಸುವ ಮೇಜಿನ ಅಂಚು ಹಿಡಿದು ದೊಡ್ಡಮ್ಮ ಸ್ವಲ್ಪ ಹೊತ್ತು ಬಗ್ಗಿ ನಿಂತಿದ್ದಳು. ಕಿಬ್ಬೊಟ್ಟೆಯಲ್ಲಿ ಹಿಂಡಿದ ಹಾಗಂತೆ. ನಾನು ನೋಡುತ್ತಿದ್ದೇನೆಂದು ಗೊತ್ತಾದಾಗ ನೆಲದಲ್ಲಿ ಸೂಜಿ ಹುಡುಕುವ ಹಾಗೆ ಮಾಡಿದಳು.

ಆಸ್ಪತ್ರೆಗೆ ಫೋನ್ ಮಾಡಿದೆ. ಮಾಡುವ ಮೊದಲು ಟ್ರಯಲ್ ರೂಮಿನ ಕನ್ನಡಿಯ ಮುಂದೆ ನಿಂತು ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಆಚೆ ಕಡೆ ಎತ್ತಿದ್ದೇ ತಡ ಎಲ್ಲ ಮರೆತು, "ಹೆಂಗಸರ ಡಾಕ್ಟರು ಬೇಕು" ಎಂದಷ್ಟೇ ಹೇಳಿದೆ. ಅಷ್ಟು ಸಾಕಾಯಿತು. ಬುಧವಾರ ಬರಹೇಳಿದರು.

ಪರದೆಯ ಆಚೆ ಇಸ್ತ್ರಿ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಅವಳೇ ದೊಡ್ಡಮ್ಮನ ಹತ್ತಿರ ಹೋಗಿ, ನೀವು ಹೋಗದಿದ್ದರೆ ನಾಳೆಯಿಂದ ನಾನು ಪೆಟ್ಟಿಗೆ ಬಿಸಿ ಮಾಡುವುದಿಲ್ಲ, ಮುದುಡಿದ ಬಟ್ಟೆಯನ್ನೇ ಕೊಟ್ಟುಕಳಿಸಿ ಎಂದು ಹೆದರಿಸಿದಳು. ದೊಡ್ಡಮ್ಮ ಒಪ್ಪಿದಳು. ನನಗೆ ಮಾತ್ರ ಒಂದು ಷರತ್ತು ಹಾಕಿದಳು, ಅಲ್ಲಿ ನೀನೇನೂ ಬಾಯಿ ಹಾಕಬೇಡ ಎಂದು. ಹೇಳಿ ತಾನೇ ನಕ್ಕಳು. ನಾನು ಯಾವತ್ತು ಬಾಯಿ ಹಾಕಿದ್ದೇನೆ!

ಮಾರ್ಚ್ ೨೦, ಬುಧವಾರ

ಹೊರಡುವಾಗ ನೀಲಿ ಸ್ಕರ್ಟನ್ನೂ ಆ ಅಂಗಿಯನ್ನೂ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಡಾಕ್ಟರಮ್ಮನಿಗೆ ಅಮ್ಮನ ವಯಸ್ಸಿರಬೇಕು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನಲ್ಲಿ ಅದನ್ನೇ ಹುಡುಕುತ್ತಿದ್ದರು. ಏನು ತೊಂದರೆ ಎಂದು ಕೇಳಿದರು. ದೊಡ್ಡಮ್ಮ ಅಂಗಡಿಯ ದನಿಯಲ್ಲಿ ಶುರುಮಾಡಿದಳು. ತೊಂದರೆ ಅಂಥದ್ದೇನಿಲ್ಲ. ಒಂಚೂರು ಗ್ಯಾಸು. ಮನೆಯವರ ಬಲವಂತಕ್ಕೆ ಬಂದದ್ದು. ತೂಕ ಹೆಚ್ಚಾಗಿದೆಯಾ ಎಂದು ಕೇಳಿದರೆ, ಹಾಗೇನಿಲ್ಲ. ಬಟ್ಟೆ ಬಿಗಿಯಾಗುತ್ತಿದೆಯಾ ಎಂದರೆ, "ಅಯ್ಯೋ, ಈಗಿನ ಬಟ್ಟೆನೇ ಹಾಗೆ ಡಾಕ್ಟ್ರೇ. ಕುಗ್ಗಿಬಿಡುತ್ತೆ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. ಇನ್ನು ಒಂದು ನಿಮಿಷದಲ್ಲಿ ಮೂರನೇ ಬಾಟಲಿ ಬರೆದು ಕಳಿಸಿಬಿಡುತ್ತಾರೆ ಅನ್ನಿಸಿತು.

"ಬಟ್ಟೆ ಕುಗ್ಗಿಲ್ಲ" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ದನಿ ಕೋಣೆಗಿಂತ ದೊಡ್ಡದಾಗಿ ಬಂದಿತ್ತು. ಬ್ಯಾಗು ತೆಗೆದು ಸ್ಕರ್ಟನ್ನು ಮೇಜಿನ ಮೇಲೆ ಹರಡಿದೆ. ತೂತುಗಳ ಮೂರು ಸಾಲಿನ ಮೇಲೂ ಬೆರಳಿಟ್ಟು ತೋರಿಸಿದೆ. ಪಕ್ಕದಲ್ಲಿ ಅಂಗಿ ಹರಡಿ, ಭುಜದಲ್ಲಿ ನಾನೇ ಹಿಡಿದ ಹೊಲಿಗೆ ತೋರಿಸಿದೆ. ಆಮೇಲೆ ಮಾತು ತಾನಾಗಿಯೇ ಬಂತು. ಅರ್ಧ ಬನ್ನು, ಮತ್ತೆ ಮತ್ತೆ ಟಾಯ್ಲೆಟ್ಟು, ಮೇಜಿನ ಅಂಚು, ಹಗಲಿನ ನಿದ್ದೆ. ಇವೆಲ್ಲ ಚಳಿಗಾಲ ಕಳೆದ ಮೇಲೆ ಶುರುವಾದದ್ದು, ಮೊದಲು ಇರಲಿಲ್ಲ, ಈಗ ಹೆಚ್ಚುಕಡಿಮೆ ದಿನವೂ ಇದೆ ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತಲೆಯ ಮೇಲಿನ ಕನ್ನಡಕ ಸಿಕ್ಕಿತು. ಅದನ್ನು ಹಾಕಿಕೊಂಡು ಸ್ಕರ್ಟನ್ನು ಬೆಳಕಿಗೆ ಹಿಡಿದು ನೋಡಿದರು, ನಮ್ಮ ಅಂಗಡಿಯವರೇ ಒಬ್ಬರು ನೋಡುವ ಹಾಗೆ.

ಅವರು ಹೇಳಿದ್ದನ್ನು ಮರೆಯದ ಹಾಗೆ ಬರೆದಿಡುತ್ತೇನೆ. ಹೊಟ್ಟೆ ಉಬ್ಬರಿಸುವುದು, ಸ್ವಲ್ಪ ತಿಂದರೂ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು. ಇವು ಎಲ್ಲರಿಗೂ ಯಾವಾಗಲಾದರೂ ಆಗುವಂಥವೇ. ಬಹಳ ಸಲ ಕಾರಣ ಬೇರೆ ಏನೋ ಇರುತ್ತದೆ. ಆದರೆ ಹೊಸದಾಗಿ ಬಂದು, ಎರಡು ಮೂರು ವಾರ ಕಳೆದರೂ ಹೋಗದೆ, ಹೆಚ್ಚಿನ ದಿನ ಕಾಡುತ್ತಿದ್ದರೆ ಅಂಡಾಶಯವನ್ನು ನೋಡಿಸಲೇಬೇಕು. ಹೋದ ವರ್ಷದ ಪರೀಕ್ಷೆಯ ಮಾತನ್ನು ದೊಡ್ಡಮ್ಮ ಎತ್ತಿದಳು. "ಅದು ಗರ್ಭಕೊರಳು ನೋಡುವ ಪರೀಕ್ಷೆಯಮ್ಮ. ಅಂಡಾಶಯ ಅದರಲ್ಲಿ ಕಾಣೋದಿಲ್ಲ. ಮುಂದಿನ ಬಾಗಿಲು ಭದ್ರ ಇದೆ ಅಂದ್ರೆ ಹಿತ್ತಿಲು ನೋಡಿದ ಹಾಗಾಯ್ತಾ?"

ಹೊಟ್ಟೆ ಮುಟ್ಟಿ ನೋಡಿದರು. ಸ್ಕ್ಯಾನಿಗೂ ರಕ್ತಪರೀಕ್ಷೆಗೂ ಬರೆದುಕೊಟ್ಟರು.

ಬಸ್ಸಿನಿಂದ ಇಳಿಯುವ ಹೊತ್ತಿಗೆ ದೊಡ್ಡಮ್ಮ, "ನನ್ನ ಸ್ಕರ್ಟನ್ನ ಎಲ್ಲರ ಮುಂದೆ ಹರಡಿದೆಯಲ್ಲೇ, ಇಸ್ತ್ರಿ ಆದರೂ ಮಾಡಿಸಬಾರದಿತ್ತಾ" ಎಂದಳು.

ಮಾರ್ಚ್ ೨೨, ಶುಕ್ರವಾರ

ಎಡಗಡೆಯ ಅಂಡಾಶಯದಲ್ಲಿ ಗಡ್ಡೆ. ಕಿತ್ತಳೆಗಿಂತ ದೊಡ್ಡದು. ತೆಗೆದು ಪರೀಕ್ಷಿಸುವವರೆಗೆ ಅದು ಏನೆಂದು ಹೇಳಲಾಗುವುದಿಲ್ಲವಂತೆ.

ಅಮ್ಮ ಇವತ್ತು ಬನ್ನು ತರಲಿಲ್ಲ.

ಮಾರ್ಚ್ ೩೧, ಭಾನುವಾರ

ಅಂಗಡಿಗೆ ರಜೆ. ಆದರೂ ದೊಡ್ಡಮ್ಮ ಬಾಗಿಲು ತೆರೆಸಿದಳು. ನಾಳೆ ಆಸ್ಪತ್ರೆಗೆ ಸೇರಬೇಕು. ಹಾಕಿಕೊಂಡು ಹೋಗಲು ಸಡಿಲವಾದದ್ದೊಂದು ಹೊಲಿದುಕೊಡು ಎಂದಳು.

ಅಳತೆಗೆ ಅವಳದೇ ಹಳೆಯ ಬಟ್ಟೆ ಹುಡುಕುತ್ತಿದ್ದೆ. ಅದು ಬೇಡ, ಟೇಪು ತಗೋ ಎಂದು ಎದ್ದು ನಿಂತಳು. ಊರವರ ಸೊಂಟಕ್ಕೆಲ್ಲ ಟೇಪು ಹಾಕಿದವಳು ತನ್ನ ಸೊಂಟಕ್ಕೆ ಯಾರಿಗೂ ಹಾಕಲು ಬಿಟ್ಟವಳಲ್ಲ. ಕೈ ಮೇಲೆತ್ತಿ ನಿಂತಳು, ಚಿಕ್ಕ ಮಕ್ಕಳ ಹಾಗೆ. ನಾನು ಟೇಪು ಸುತ್ತಿ, ಅಂಕಿಯನ್ನು ಜೋರಾಗಿಯೇ ಓದಿದೆ.

"ಸುಳ್ಳು ಹೇಳ್ತಿಲ್ಲ ತಾನೆ?"

"ಇಲ್ಲ ದೊಡ್ಡಮ್ಮ."

"ಹ್ಞೂಂ. ಇನ್ನು ಮೇಲೆ ಹೇಳಲೂ ಬೇಡ. ಡಾಕ್ಟರು ಏನಂದ್ರೂ ನನ್ನ ಮುಂದೆ ಬಟ್ಟೆ ಕುಗ್ಗಿಸಬೇಡ."

ಆಮೇಲೆ ಗೋಡೆಯ ಕಡೆ ತಿರುಗಿ ನಿಂತಳು. ಹಿಂದಿನ ಅಳತೆ ತೆಗೆಯಲಿ ಎಂದಿರಬೇಕು. ನಾನು ತೆಗೆಯುತ್ತಲೇ ಇದ್ದೆ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.

ಏಪ್ರಿಲ್ ೨, ಮಂಗಳವಾರ

ಇವತ್ತು ಆಪರೇಷನ್. ಕೂತಿದ್ದ ಬೆಂಚು ಹಸಿರು ಬಣ್ಣದ್ದು. ಬೇರೆ ಏನೂ ನೆನಪಿಲ್ಲ.

ಏಪ್ರಿಲ್ ೩, ಬುಧವಾರ

ಕಣ್ಣು ಬಿಟ್ಟಳು. ನೀರು ಕೇಳಿದಳು. ಎರಡನೇ ಮಾತಿಗೇ ಟೀಚರ ಪ್ಯಾಂಟು ಕೊಟ್ಟೆಯಾ ಎಂದು ಕೇಳಿದಳು. ಅದನ್ನು ಕೊಟ್ಟು ಮೂರು ವಾರವಾಗಿದೆ ಎಂದೆ. ಸರಿ ಎಂದು ಮತ್ತೆ ಮಲಗಿದಳು.

ಎರಡೂ ಅಂಡಾಶಯಗಳನ್ನು, ಗರ್ಭಕೋಶವನ್ನು ತೆಗೆದಿದ್ದಾರೆ. ಪರೀಕ್ಷೆಗೆ ಕಳಿಸಿದ್ದಾರೆ. ಇನ್ನು ಕಾಯಬೇಕು.

ಏಪ್ರಿಲ್ ೬, ಶನಿವಾರ

ಅಮ್ಮ ಆಸ್ಪತ್ರೆಯಲ್ಲಿ, ನಾನು ಅಂಗಡಿಯಲ್ಲಿ. ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಜಿಪ್ಪು ಸರಿಯಾಗಿ ಹಾಕಿಲ್ಲವೆಂದು ಜಗಳ ತೆಗೆದರು. ಜಿಪ್ಪು ಸರಿಯಾಗಿಯೇ ಇತ್ತು. ಹಾಗೆಂದೆ. ಮೂರು ಸಲ ಎಳೆದು ತೋರಿಸಿದೆ. ಅವರು ದನಿ ಏರಿಸಿದರು, ನಾನೂ ಏರಿಸಿದೆ. ಕೊನೆಗೆ ಅದೇ ಪ್ಯಾಂಟು ಹಾಕಿಕೊಂಡು ಹೋದರು.

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ನಿಲ್ಲಿಸಿ, "ನಮ್ಮ ಮೌನಗೌರಿ ಎಲ್ಲಿ ಹೋದ್ಲು?" ಎಂದು ಮೇಜಿನ ಕೆಳಗೆಲ್ಲ ಬಗ್ಗಿ ನೋಡಿದಳು. ಇಲ್ಲೇ ಇದ್ದೇನಲ್ಲ ಎಂದೆ. ಅವಳಿಗೆ ನಗು ಬಂತು. ಯಾಕೋ.

ಮಧ್ಯಾಹ್ನ ಅವಳೇ ಹತ್ತಿರ ಬಂದು ಕೂತು, ನಿಮ್ಮ ದೊಡ್ಡಮ್ಮನಿಗೆ ಆದದ್ದು ಹೇಗೆ ಗೊತ್ತಾಗುತ್ತೆ, ನನಗೂ ಹೇಳು ಎಂದಳು. ಟಾಯ್ಲೆಟ್ಟಿನ ಹಾಸ್ಯ ಮಾಡಿದ್ದು ಅವಳಿಗೆ ಚುಚ್ಚುತ್ತಿರಬೇಕು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಕೇಳಿ, ತನ್ನ ಹೊಟ್ಟೆ ಮೂವತ್ತು ವರ್ಷದಿಂದ ಹೀಗೇ ಇದೆ, ಅದು ಹೊಸದಲ್ಲ, ಅನ್ನದ್ದು ಎಂದು ತಟ್ಟಿ ತೋರಿಸಿದಳು.

ಏಪ್ರಿಲ್ ೧೨, ಶುಕ್ರವಾರ

ಬಂತು.

ಕ್ಯಾನ್ಸರೇ. ಆ ಪದ ಡಾಕ್ಟರಮ್ಮನ ಬಾಯಿಂದ ಬಂದಾಗ ಅಮ್ಮ ನನ್ನ ಮೊಣಕೈ ಹಿಡಿದಳು, ಈಗಲೂ ಅಲ್ಲಿ ನೋಯುತ್ತಿದೆ. ಆದರೆ ಡಾಕ್ಟರಮ್ಮ ನಿಲ್ಲಿಸಲಿಲ್ಲ. ಅದು ಒಂದೇ ಅಂಡಾಶಯದ ಒಳಗೇ ಇತ್ತು. ಗಡ್ಡೆ ಒಡೆದಿರಲಿಲ್ಲ. ಹೊರಗೆ ಎಲ್ಲೂ ಹರಡಿಲ್ಲ. ಅವರು ತೆಗೆದು ನೋಡಿದ ಜಾಗಗಳೆಲ್ಲ ಸ್ವಚ್ಛ. ಮುಂಜಾಗ್ರತೆಗೆ ಕೆಲವು ಸಲ ಕೀಮೋ ಕೊಡುತ್ತಾರೆ, ಆಮೇಲೆ ವರ್ಷಗಟ್ಟಲೆ ಆಗಾಗ ಬಂದು ತೋರಿಸುತ್ತಿರಬೇಕು. ಇಷ್ಟು ಬೇಗ ಸಿಗುವುದು ಅಪರೂಪವಂತೆ. ಹೆಚ್ಚಿನವರು ಬರುವ ಹೊತ್ತಿಗೆ ಅದು ಹೊಟ್ಟೆಯೆಲ್ಲ ಹರಡಿರುತ್ತದಂತೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದು ಸಾಲದೆಂಬಂತೆ ನನ್ನನ್ನು ಕೇಳಿದಳು. "ಹೌದೇನೇ?"

"ಹೌದು ದೊಡ್ಡಮ್ಮ. ಕುಗ್ಗಿಸಿಲ್ಲ. ಇದ್ದದ್ದು ಇಷ್ಟೇ."

ಆಗ ಅತ್ತಳು. ಅಮ್ಮನೂ ಸೇರಿಕೊಂಡಳು. ಡಾಕ್ಟರಮ್ಮ ಇಬ್ಬರಿಗೂ ಒಂದೊಂದು ಟಿಶ್ಯೂ ಕೊಟ್ಟು, ಮತ್ತೆ ಕನ್ನಡಕ ಹುಡುಕತೊಡಗಿದರು. ತಲೆ ಮೇಲಿದೆ ಎಂದು ನಾನೇ ಹೇಳಿದೆ.

ಸಂಜೆ ದೊಡ್ಡಮ್ಮ ಒಂದು ಬನ್ನು ಪೂರ್ತಿ ತಿಂದಳು. ಎರಡನೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿ, ಅದನ್ನೂ ತಿಂದಳು. ಅಮ್ಮ ಆ ಕಡೆ ನೋಡದ ಹಾಗೆ ಕೂತಿದ್ದಳು. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಕಿಟಕಿಯ ಹೊರಗೆ ಎಂದಿನ ಬೀದಿ. ಯಾರೋ ಸೈಕಲ್ಲಿನ ಚೈನು ಹಾಕುತ್ತಿದ್ದರು. ಅದನ್ನು ನೋಡುತ್ತ ನಿಂತಾಗ ಉಸಿರು ಹೊಟ್ಟೆಯ ತಳದವರೆಗೂ ಹೋಗಿ ಬಂತು. ಒಂದು ತಿಂಗಳಿಂದ ಅದು ಅರ್ಧದಲ್ಲೇ ತಿರುಗುತ್ತಿತ್ತೆಂದು ಆಗ ಗೊತ್ತಾಯಿತು.

ಮೇ ೬, ಸೋಮವಾರ

ಬಹಳ ದಿನ ಬರೆಯಲಿಲ್ಲ. ಅಂಗಡಿಯ ಕೆಲಸ, ಆಸ್ಪತ್ರೆಯ ಓಡಾಟ. ಮೊದಲ ಕೀಮೋ ಆಯಿತು. ಎರಡು ದಿನ ವಾಂತಿ, ಆಮೇಲೆ ಸುಧಾರಿಸಿದಳು. ಕೂದಲು ಉದುರುತ್ತಿದೆ. ತಲೆಗೆ ಕಟ್ಟಿಕೊಳ್ಳಲು ಬಟ್ಟೆಯ ತುಂಡುಗಳನ್ನು ತಾನೇ ಆರಿಸಿ ಅಂಚು ಹೊಲಿದುಕೊಂಡಿದ್ದಾಳೆ. ಇವತ್ತಿನದು ಚೌಕಳಿ. ಅರ್ಧ ದಿನ ಅಂಗಡಿಗೆ ಬಂದು ಕಿಟಕಿಯ ಹತ್ತಿರ ಕೂರುತ್ತಾಳೆ, ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕಲು.

ಟೀಚರ್ ಬಂದರು. ಅದೇ ಪ್ಯಾಂಟು, ಮತ್ತೆ ಸೊಂಟ. ದೊಡ್ಡಮ್ಮ, "ಈಗಿನ ಬಟ್ಟೆನೇ…" ಎಂದು ಶುರುಮಾಡಿ ಅಲ್ಲೇ ನಿಂತಳು. ನನ್ನ ಕಡೆ ನೋಡಿದಳು.

ಟೀಚರನ್ನು ಕರೆದುಕೊಂಡು ನಾನು ಪರದೆಯ ಒಳಗೆ ಹೋದೆ. ಸೊಂಟ ಮಾತ್ರ ಬಿಗಿಯೇ, ತೋಳು, ಭುಜ ಹೇಗಿದೆ ಎಂದು ಕೇಳಿದೆ. ಹೊಟ್ಟೆ ಉಬ್ಬಿದ ಹಾಗಿರುತ್ತದೆಯೇ, ಊಟ ಬೇಗ ಸಾಕಾಗುತ್ತದೆಯೇ, ಮತ್ತೆ ಮತ್ತೆ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆಯೇ. ಟೀಚರ್ ಎಲ್ಲದಕ್ಕೂ ಹೌದು ಹೌದು ಎಂದರು. ಎಷ್ಟು ದಿನದಿಂದ ಎಂದೆ.

"ಐದು ತಿಂಗಳು ಕಣಮ್ಮ" ಎಂದು ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಸ್ಕೂಲಲ್ಲಿ ಇನ್ನೂ ಹೇಳಿಲ್ಲ. ಸೆಪ್ಟೆಂಬರಿಗೆ ಡೆಲಿವರಿ."

ಪಿಸುಮಾತೂ ಪರದೆ ದಾಟಿತ್ತು. ಹೊರಗೆ ಇಸ್ತ್ರಿ ಅಕ್ಕ ನಕ್ಕ ಸದ್ದು ಬೀದಿಯವರೆಗೂ ಕೇಳಿಸಿರಬೇಕು. ದೊಡ್ಡಮ್ಮ ನಗಬಾರದೆಂದು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ನಗಿಸಬೇಡಿ ನೋಯುತ್ತೆ ಎನ್ನುತ್ತಲೇ ನಕ್ಕಳು. ನನ್ನ ಮುಖ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಆದರೂ ಓಡಿಹೋಗಬೇಕು ಅನ್ನಿಸಲಿಲ್ಲ.

ಟೀಚರ್ ನಗಲಿಲ್ಲ. ಯಾಕೆ ಹಾಗೆಲ್ಲ ಕೇಳಿದೆ ಎಂದರು. ಹೇಳಿದೆ. ಸ್ಕರ್ಟು ತಂದು ತೋರಿಸಿದೆ. ಅವರು ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದರು. ಆಮೇಲೆ ಹೇಳಿದರು, ತಮ್ಮ ಸ್ಟಾಫ್ ರೂಮಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಹೆಂಗಸರಿದ್ದಾರೆ, ಗ್ಯಾಸಿನ ಮಾತ್ರೆಯ ಡಬ್ಬಿ ಅಲ್ಲಿ ಒಬ್ಬರ ಕೈಯಿಂದ ಒಬ್ಬರಿಗೆ ಹೋಗುತ್ತಿರುತ್ತದೆ, ಯಾರೂ ಯಾರನ್ನೂ ಎಷ್ಟು ದಿನದಿಂದ ಎಂದು ಕೇಳುವುದಿಲ್ಲ. "ಮಕ್ಕಳಿಗೆ ರಜೆಯಾದರೂ ಶುಕ್ರವಾರ ನಮಗೆಲ್ಲ ಮೀಟಿಂಗಿದೆ. ಊಟದ ಹೊತ್ತಿಗೆ ಬಂದು ಇದನ್ನೇ ಹೇಳ್ತೀಯಾ? ನನಗೆ ಹೇಳಿದ ಹಾಗೇ."

ಅಷ್ಟು ಜನರ ಮುಂದೆ ನಾನು ನಿಲ್ಲುವುದುಂಟೇ? ಯೋಚಿಸಿ ಹೇಳುತ್ತೇನೆ ಎಂದೆ.

ಮೇ ೮, ಬುಧವಾರ

ದೊಡ್ಡಮ್ಮನ ಹೊಟ್ಟೆ ಇಳಿದಿದೆ. ನೀಲಿ ಸ್ಕರ್ಟು ಈಗ ಜಾರುತ್ತದೆ. ಇವತ್ತು ಅದನ್ನು ಮೇಜಿನ ಮೇಲೆ ಹಾಕಿ, ಹಳೆಯ ಗೆರೆಗೇ ಹಿಡಿದುಬಿಡು, ಮೂರೂ ಸಾಲು ತೂತಿನ ಮೇಲೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಎಳೆದರೆ ಮುಚ್ಚಿಕೊಳ್ಳುತ್ತೆ, ಯಾರಿಗೂ ಗೊತ್ತಾಗಲ್ಲ ಎಂದಳು. ಇಸ್ತ್ರಿ ಅಕ್ಕ ಆಗಲೇ ಬಟ್ಟೆ ಒದ್ದೆ ಮಾಡಿಕೊಂಡು ಬಂದಿದ್ದಳು.

ನಾನು ಸ್ಕರ್ಟನ್ನು ಮೇಜಿನಿಂದ ತೆಗೆದುಕೊಂಡೆ. ಶುಕ್ರವಾರ ಕಳೆಯಲಿ, ಆಮೇಲೆ ಹಿಡಿಯೋಣ ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮ್ಮ, "ಹೋಗೋ ದಿನ ಆ ಹಸಿರು ಅಂಗಿ ಹಾಕ್ಕೋ. ತೋಳು ಒಂಚೂರು ಉದ್ದ ಇದೆ, ಬಿಚ್ಚಿ ಕೊಡು, ನಾನು ಸರಿಮಾಡ್ತೀನಿ" ಎಂದಳು.

ಸ್ಕರ್ಟನ್ನು ತೂತುಗಳು ಮೇಲೆ ಕಾಣುವ ಹಾಗೆ ಮಡಚಿ ಬ್ಯಾಗಿನಲ್ಲಿಟ್ಟಿದ್ದೇನೆ.